ನೀಲಿ ಬೆರಳಿನ ಹೆಂಗಸು

ಮಡಕಶಿರಾ ಕಡೆಯ ಹಳ್ಳಿಯಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾ ಬೆಳೆದ ನನಗೆ ಪೊಲೀಸ್ ಕೆಲಸವೆಂದರೆ ಕಳ್ಳರ ಹಿಂದೆ ಓಡುವುದು ಎಂದೇ ಇತ್ತು. ಕಾನ್‌ಸ್ಟೇಬಲ್ ಆಗಿ ಆಂಧ್ರದ ಗಡಿಯೂರು ರಾಯದುರ್ಗಕ್ಕೆ ಬಂದ ಮೇಲೆ ಓಡಿದ್ದು ಕಡಿಮೆ, ಕೇಳಿಸಿಕೊಂಡಿದ್ದೇ ಹೆಚ್ಚು. ಒಂದು ದಿನ ಹೊಲದ ಬದುವಿನ ಜಗಳ, ಇನ್ನೊಂದು ದಿನ ಪರೀಕ್ಷಾ ಕೇಂದ್ರದ ಬಂದೋಬಸ್ತು, ಮತ್ತೊಂದು ದಿನ ಬಾವಿಗೆ ಬಿದ್ದ ಎಮ್ಮೆ. ಇವತ್ತು ಯಾರು ಬರುತ್ತಾರೋ ಎಂದುಕೊಂಡೇ ಬೆಳಿಗ್ಗೆ ಸ್ಟೇಷನ್ ಒಳಗೆ ಕಾಲಿಡುತ್ತಿದ್ದೆ.

ಅಂಥದೊಂದು ದಿನ, ಬಸ್ ಸ್ಟ್ಯಾಂಡಿನಲ್ಲಿ ಟೀ ಮಾರುವಾಕೆ ಬೇರೊಬ್ಬ ಹೆಂಗಸಿನ ಕೈಹಿಡಿದು ಕರೆತಂದಳು.

“ಮುಂಜಾನಿಂದ ನಮ್ಮ ಅಂಗಡಿ ಮುಂದ ಕುಂತಾಳ್ರಿ ಮೇಡಂ. ಎಷ್ಟ್ ಕೇಳಿದ್ರೂ ಮಾತಾಡವಲ್ಲಳು. ಒಂದು ಟೀ ಕೊಟ್ಟೆ, ಕುಡದ್ಲು, ಅಷ್ಟ.”

ಬಂದಾಕೆಗೆ ಮೂವತ್ತರ ಆಸುಪಾಸು. ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ ಎಂಬುದು ನಮಗೆ ಬೇಗ ತಿಳಿಯಿತು. ಕೈಯಲ್ಲಿ ಚೀಲವಿಲ್ಲ, ಫೋನಿಲ್ಲ. ನಮ್ಮ ಎಸ್‌ಐ ಸಾಹೇಬರು ತೆಲುಗಿನವರು. “ಮೀ ಕನ್ನಡಂ ಪನಿಚೇಸ್ತುಂದೇಮೋ ಚೂಡಮ್ಮಾ” ಎಂದು, ನಿಮ್ಮ ಕನ್ನಡ ಕೆಲಸಕ್ಕೆ ಬಂದೀತೇನೋ ನೋಡಮ್ಮ ಎಂದು, ನನ್ನನ್ನು ಮುಂದೆ ಬಿಟ್ಟರು. ಕನ್ನಡವಾಗಲಿ ತೆಲುಗಾಗಲಿ, ಅವಳಿಗೆ ಎರಡೂ ಒಂದೇ. ಹಾಳೆ ಪೆನ್ನು ಕೊಟ್ಟೆ. ಅಕ್ಷರ ಕಲಿತಿರಲಿಲ್ಲವೆಂದು ಕಾಣುತ್ತದೆ, ನಕ್ಕು ವಾಪಸು ಕೊಟ್ಟಳು. ಆಮೇಲೆ ಮೇಲ್ತುಟಿಯ ಮೇಲೆ ಬೆರಳಾಡಿಸಿ ಮೀಸೆ ತಿರುವಿ ತೋರಿಸಿದಳು. ಪೊಲೀಸ್ ಎಂದು ಅರ್ಥ. ಮರುಕ್ಷಣವೇ ನನ್ನ ಮುಖ ನೋಡಿ, ಮೀಸೆ ಎಲ್ಲಿ ಎಂಬಂತೆ ಅಂಗೈ ತಿರುಗಿಸಿದಳು. ಸ್ಟೇಷನ್ನಿಗೆ ಸ್ಟೇಷನ್ನೇ ನಕ್ಕಿತು.

ಅವಳು ಮೀಸೆ ತಿರುವುವಾಗಲೇ ನನ್ನ ಕಣ್ಣು ಆ ಬೆರಳುಗಳ ಮೇಲೆ ಬಿದ್ದದ್ದು. ತುದಿಗಳಲ್ಲಿ ನೀಲಿ ಬಣ್ಣ, ಉಗುರಿನ ಸಂದಿಗೂ ಇಳಿದಿತ್ತು. ರಾಯದುರ್ಗದಲ್ಲಿ ಅಂಥ ಬೆರಳು ಬೇಕಾದಷ್ಟು ಕಾಣಸಿಗುತ್ತವೆ. ಇಲ್ಲಿ ಓಣಿಗೊಂದು ಜೀನ್ಸ್ ಹೊಲಿಯುವ ಜಾಗವಿದೆ. ಹಾಗಾದರೆ ಇವಳು ಈ ಊರಿನವಳೇ ಇರಬೇಕು, ಯಾರಾದರೂ ಗುರುತು ಹಿಡಿದಾರು ಎಂದು ಹತ್ತಿರದ ಹೊಲಿಗೆ ಶೆಡ್ಡಿಗೆ ಕರೆದುಕೊಂಡು ಹೋದೆ.

ಯಾರೂ ಗುರುತು ಹಿಡಿಯಲಿಲ್ಲ. ಇನ್ನೆಲ್ಲಿ ಕೇಳುವುದು ಎಂದು ನಾನು ಶೆಡ್ಡಿನ ಮಾಲೀಕನ ಜೊತೆ ಮಾತಾಡುತ್ತಿದ್ದರೆ, ಅವಳು ಖಾಲಿ ಇದ್ದ ಮಿಷನ್ನಿನ ಮುಂದೆ ಹೋಗಿ ಕೂತೇಬಿಟ್ಟಳು. ಕತ್ತರಿಸಿಟ್ಟಿದ್ದ ಜೇಬಿನ ಬಟ್ಟೆಯೊಂದನ್ನು ಎಳೆದುಕೊಂಡಳು. ಬೆಳಿಗ್ಗೆಯಿಂದ ಮುದುಡಿಕೊಂಡಿದ್ದವಳ ಬೆನ್ನು ನೆಟ್ಟಗಾಯಿತು. ಬಟ್ಟೆ ತಿರುಗಿತು, ಬಾಗಿತು, ಮತ್ತೆ ತಿರುಗಿತು. ನೋಡುವಷ್ಟರಲ್ಲಿ ಜೇಬಿನ ಮೇಲೆ ಹಳದಿ ದಾರದಲ್ಲಿ ಎರಡು ಅಲೆ, ನಡುವೆ ಸಣ್ಣದೊಂದು ಎಲೆ ಮೂಡಿತ್ತು.

ಪಕ್ಕದ ಮಿಷನ್ನಿನವರೆಲ್ಲ ಎದ್ದು ಬಂದರು. “ಇದು ನಮ್ಮೂರ ಡಿಸೈನ್ ಅಲ್ಲ” ಎಂದ ಒಬ್ಬ. “ಯಾಕ ಅಲ್ಲ? ನಾವೂ ಹಿಂಗ ಹೊಲದಿಲ್ಲೇನು?” ಎಂದಳು ಇನ್ನೊಬ್ಬಳು. ಮಾಲೀಕ ಜೇಬನ್ನು ಬೆಳಕಿಗೆ ಹಿಡಿದು ನೋಡಿದ.

“ಬಳ್ಳಾರಿದು ಇರಬೇಕು ನೋಡ್ರಿ ಮೇಡಂ. ಖಾತ್ರಿ ಹೇಳಂಗಿಲ್ಲ.”

ಖಾತ್ರಿ ಇಲ್ಲದಿದ್ದರೂ ಹಿಡಿದು ಹೋಗಲು ಒಂದು ದಾರಿಯಂತೂ ಸಿಕ್ಕಿತ್ತು. ಅವಳ ಮುಖದ್ದೂ ಆ ಜೇಬಿನದೂ ಫೋಟೊ ತೆಗೆದು, ಎಸ್‌ಐ ಸಾಹೇಬರಿಗೆ ಹೇಳಿ ಬಳ್ಳಾರಿ ಪೊಲೀಸರಿಗೆ ಕಳಿಸಿದೆ. ಅಲ್ಲಿಯವರು ಜೀನ್ಸ್ ಹೊಲಿಯುವವರ ವಾಟ್ಸ್ಯಾಪ್ ಗುಂಪುಗಳಿಗೆ ಹಾಕಿಸಿದರಂತೆ. ಮಧ್ಯಾಹ್ನ ನಾನೂ ಅವಳೂ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದಾಗ ಫೋನ್ ಬಂತು. ಮುಖ ನೋಡಿ ಯಾರಿಗೂ ತಿಳಿದಿರಲಿಲ್ಲ; ಜೇಬು ನೋಡಿದ ಮೇಸ್ತ್ರಿಯೊಬ್ಬ ಇದು ತನಗೆ ಮನೆಯಿಂದಲೇ ಹೊಲಿದು ಕಳಿಸುವವಳ ಕೆಲಸ ಎಂದು ಅವಳ ಮನೆಗೆ ಸುದ್ದಿ ಮುಟ್ಟಿಸಿದ್ದ.

ಸಂಜೆಯ ಹೊತ್ತಿಗೆ ಅವಳ ಅಕ್ಕ ಬಂದಳು. ಬಂದವಳೇ ತಂಗಿಯ ಬೆನ್ನಿಗೊಂದು ಗುದ್ದಿ, ಆಮೇಲೆ ಅಪ್ಪಿಕೊಂಡಳು. ಇಬ್ಬರ ಕೈಗಳೂ ಗಾಳಿಯಲ್ಲಿ ಜಗಳಾಡಿದವು. ದಿನವಿಡೀ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆಯನ್ನು ಕೊನೆಗೂ ಕೇಳಿದೆ: “ಇಲ್ಲಿಗ್ಯಾಕೆ ಬಂದ್ಲಂತೆ?”

“ಬಳ್ಳಾರಿ ಬಸ್ ಸ್ಟ್ಯಾಂಡಿನಾಗ ನನ್ನ ಹಿಂದ ಬರ್ತಿದ್ಲರಿ. ನಾನು ಬಾಳೆಹಣ್ಣು ತಗೋಳಾಕ ನಿಂತೆ. ಇಂಥದೇ ಹಸರು ಸೀರಿ ಉಟ್ಟಾಕಿ ಒಬ್ಬಾಕಿ ರಾಯದುರ್ಗದ ಬಸ್ ಹತ್ತಿದ್ಲಂತ, ನಾನಂತ ತಿಳಕೊಂಡು ಇವಳೂ ಹತ್ಯಾಳ. ಇಳದ ಮ್ಯಾಲ ಮುಖ ನೋಡ್ಯಾಳ.”

ಇಷ್ಟೇ. ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಗಂಡನ ಹೊಡೆತವೋ, ಮನೆಯ ಜಗಳವೋ ಎಂದು. ಹಸಿರು ಸೀರೆಯೊಂದು ನನ್ನ ಊಹೆಗೆ ಬಂದಿರಲೇ ಇಲ್ಲ. ಈ ಕೆಲಸದಲ್ಲಿ ನನಗೆ ಇವತ್ತಿಗೂ ಬೇಸರ ಬಾರದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಜನ ತರುವ ಉತ್ತರ ನಾನು ಎಣಿಸಿದಂತೆ ಇರುವುದು ಅಪರೂಪ.

ಬಳ್ಳಾರಿ ಬಸ್ಸಿಗೆ ಹತ್ತಿಸಲು ನಾನೇ ಹೋದೆ. ಬಸ್ಸು ಬರುವ ತನಕ ತಂಗಿ ಕೈಸನ್ನೆಯಲ್ಲಿ ನನ್ನನ್ನೇನೋ ಕೇಳಿದಳು.

“ನಿನಗ ದಿನಾ ಇದೇ ಕೆಲಸ ಏನು ಅಂತ ಕೇಳ್ತಾಳ್ರಿ” ಎಂದಳು ಅಕ್ಕ.

“ಇಲ್ಲ ಅಂತ ಹೇಳಮ್ಮ. ದಿನಕ್ಕೊಂದು ಥರ. ನಾಳೆ ಏನೋ, ನಂಗೇ ಗೊತ್ತಿಲ್ಲ.”

ಅಕ್ಕ ಕೈಯಲ್ಲಿ ಅದನ್ನು ಹೇಳಿದಳು. ತಂಗಿ ಸ್ವಲ್ಪ ಯೋಚಿಸಿ, ಗಾಳಿಯಲ್ಲೇ ಒಂದರ ಪಕ್ಕ ಒಂದು ಜೇಬು ಹೊಲಿಯುತ್ತಾ ಹೋದಳು. ಅವಳ ದಿನಗಳು ಹಾಗೆ. ಮತ್ತೆ ನನ್ನ ಕಡೆ ಬೆರಳು ತೋರಿಸಿ ತಲೆದೂಗಿದಳು.

“ನಿಮ್ದು ಚಲೋ ಐತಿ ಅಂತಾಳ್ರಿ.”

ಬಸ್ಸು ಬಂತು. ಕಂಡಕ್ಟರಿಗೆ ಹೇಳಿ ಇಬ್ಬರನ್ನೂ ಒಂದೇ ಸೀಟಿನಲ್ಲಿ ಕೂರಿಸಿದೆ. ಅಕ್ಕ ತನ್ನ ಸೆರಗಿನ ತುದಿಯನ್ನು ತಂಗಿಯ ಕೈಗೆ ಸುತ್ತಿ, ಗಂಟು ಹಾಕುತ್ತಿದ್ದಳು.