ತೊಟ್ಟಿಲಿಗೆ ಮೊದಲು ಕಲ್ಲು

ಗುಂಡುಕಲ್ಲು ತೊಟ್ಟಿಲ ಸಮೇತ ಧಡಾರನೆ ನೆಲಕ್ಕೆ ಬಿತ್ತು. ಜೋಗುಳ ಹಾಡುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಮಗಳು ಆಗ ನನ್ನ ತೋಳಿನಲ್ಲೇ ಇದ್ದಳು.

ವಜ್ರಳ್ಳಿಯ ನಮ್ಮ ಮನೆಯಲ್ಲಿ ಅಂದು ಅವಳ ನಾಮಕರಣ. ಮಗುವಿಗಿಂತ ಮೊದಲು ಅರೆಯುವ ಗುಂಡುಕಲ್ಲನ್ನು ತೊಟ್ಟಿಲಲ್ಲಿಟ್ಟು ತೂಗುವುದು ನಮ್ಮ ಪದ್ಧತಿ. ಮಗು ಒಂದೇ ಸಮನೆ ಅಳುತ್ತಿತ್ತು. ಇವತ್ತು ಕಲ್ಲು ಬಿಟ್ಟುಬಿಡೋಣ ಎಂದೆ. ಅತ್ತೆ ಒಪ್ಪಲಿಲ್ಲ. "ಮೊದ್ಲು ಕಲ್ಲು ಮನಗ್ಸನ, ಕೂಸು ಆಮೇಲೆ" ಎಂದುಬಿಟ್ಟರು.

ತೊಟ್ಟಿಲ ಜೊತೆಗೇ ಕಿತ್ತುಬಂದಿದ್ದ ಕೊಕ್ಕೆಯನ್ನು ಎತ್ತಿ ನೋಡಿದರೆ, ಅದನ್ನು ತೊಲೆಗೆ ಹಿಡಿದಿದ್ದ ಕಪ್ಪು ಸ್ಕ್ರೂಗಳ ತಲೆಯೇ ಹಾರಿಹೋಗಿತ್ತು. ಕೋಣೆಗೆ ಜಿಪ್ಸಮ್ ಸೀಲಿಂಗ್ ಮಾಡಿಸಿದಾಗ ಉಳಿದಿದ್ದ ಸ್ಕ್ರೂಗಳವು. ಜಿಪ್ಸಮ್ ಹಲಗೆ ಹಿಡಿಯಲು ಸರಿ, ತೂಗಾಡುವ ಭಾರ ಬಿದ್ದರೆ ಪಟ್ಟನೆ ಮುರಿಯುತ್ತವೆ. ಕೊಕ್ಕೆ ಹಾಕಿದ್ದ ನನ್ನ ಗಂಡನ ಮುಖ ಬಿಳಿಚಿಕೊಂಡಿತ್ತು. "ಉದ್ದ ಇದ್ದು, ತಡೀತು ಅಂದ್ಕಂಡಿದ್ದಿ ಆನು" ಎಂದರು; ಸ್ಕ್ರೂ ಉದ್ದವಿದೆ, ಭಾರ ತಡೆಯುತ್ತದೆ ಎಂದೇ ಅವರು ನಂಬಿದ್ದರು.

ಮರುದಿನವೇ ಯಲ್ಲಾಪುರದಿಂದ ದಪ್ಪ ಬೋಲ್ಟು ತಂದು, ತೊಲೆಯ ಈಚೆಯಿಂದ ಆಚೆಗೆ ತೂರಿಸಿ ನಟ್ಟು ಬಿಗಿದರು. ಹೊಸ ಕೊಕ್ಕೆಗೆ ತಾವೇ ಜೋತುಬಿದ್ದೂ ತೋರಿಸಿದರು. ನನಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಮನೆಯಲ್ಲಿ ಎಲ್ಲಿ ಕಪ್ಪು ಸ್ಕ್ರೂ ಕಂಡರೂ ಅದರ ಕೆಳಗೆ ನಿಲ್ಲಲು ಮನಸ್ಸಾಗುವುದಿಲ್ಲ. ಮಗಳನ್ನು ತೊಟ್ಟಿಲಿಗೆ ಹಾಕುವ ಮುಂಚೆ ದಿನವೂ ಗುಂಡುಕಲ್ಲು ತರುತ್ತೇನೆ. ಅತ್ತೆ ಈಗ ನಗುತ್ತಾರೆ. ನಾನು ಕೊಕ್ಕೆಯ ಮೇಲೆ ಕಣ್ಣಿಟ್ಟು ಕಲ್ಲನ್ನು ತೂಗುತ್ತಲೇ ಇರುತ್ತೇನೆ; ಅಷ್ಟರಲ್ಲಿ ಮಗಳು ನನ್ನ ಹೆಗಲ ಮೇಲೆಯೇ ನಿದ್ದೆಹೋಗಿರುತ್ತಾಳೆ.