ದೂರು ಕೊಟ್ಟವಳ ಋಣ

ಸಿಂಗಸಂದ್ರದಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಿಂದ ಇದ್ದ ಮನೆತನ ನಮ್ಮದು. ಹೊಲ ಹೋಗಿ ಬಾಡಿಗೆ ಕೋಣೆಗಳು ಬಂದವು, ಗತ್ತು ಮಾತ್ರ ಹಾಗೇ ಉಳಿಯಿತು. ಮನೆಗೆ ಹಾಕಿಸಿದ್ದ ಕ್ಯಾಮೆರಾಗಳೆಲ್ಲ ಬಾಡಿಗೆಯವರ ಕಡೆಗೇ ಮುಖ ಮಾಡಿದ್ದವು. ಕೆಟ್ಟದ್ದೆಲ್ಲ ಹೊರಗಿನಿಂದಲೇ ಬರುತ್ತದೆಂದು ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಬಲವಾಗಿ ನಂಬಿದ್ದರು. ನೀರಿನ ಜಗಳವಾಗಲಿ, ಗಾಡಿ ನಿಲ್ಲಿಸುವ ಜಗಳವಾಗಲಿ ಅವರ ಔಷಧ ಒಂದೇ: "ಖಾಲಿ ಮಾಡ್ಸು." ನೆಗಡಿಗೂ ಅದೇ ಮಾತ್ರೆ, ಜ್ವರಕ್ಕೂ ಅದೇ ಮಾತ್ರೆ.

ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಕೋಣೆಯ ಹೆಂಗಸು ಬಂದು ಬಾಗಿಲಲ್ಲಿ ನಿಂತಳು. ಕಲಬುರಗಿ ಕಡೆಯವಳು, ಬೊಮ್ಮಸಂದ್ರದ ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಗಂಡನದು ಗಾರೆ ಕೆಲಸ, ಏಳು ವರ್ಷದ ಒಬ್ಬಳೇ ಮಗಳು. ನೀರು ಬರುತ್ತಿಲ್ಲವೇನೋ ಎಂದುಕೊಂಡು, "ಮೋಟರ್ ಹಾಕ್ತೀನಿ ತಾಳಿ" ಅಂದೆ.

"ಅದಕ್ಕಲ್ರೀ ಅಕ್ಕಾರ. ನಿಮ್ಮ ಹುಡುಗ ನನ್ನ ಮಗಳನ್ನ ಮುಟ್ಟಬಾರದ ಹಂಗ ಮುಟ್ಟ್ಯಾನ. ಆಕಿ ಎಲ್ಲಾ ಹೇಳ್ಯಾಳ. ನಾ ಪೊಲೀಸರ ಕಡೆ ಹೊಂಟೀನಿ. ನಿಮಗ ಹೇಳಿ ಹೋಗೋಣ ಅಂತ ಬಂದೆ."

ನನ್ನ ಮಗನಿಗೆ ಆಗ ಹದಿನೈದು. ಒಳಗೆ ಹೋಗಿ ಅವನೆದುರು ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಅವನು ಗೋಡೆಯ ಕಡೆ ತಿರುಗಿಕೊಂಡ. ಹೆತ್ತವಳಿಗೆ ಅಷ್ಟು ಸಾಕಾಯಿತು. ಆ ಮಗುವಿಗೆ ಎಷ್ಟು ಹೆದರಿಕೆಯಾಗಿರಬೇಕು ಎಂದು ಮೊದಲು ಅನ್ನಿಸಿತು. ಅದರ ಬೆನ್ನಿಗೇ ಇನ್ನೊಂದು ಭಯ ಬಂತು: ಇವನು ನಾಳೆ ಎಂಥ ಗಂಡಸಾಗುತ್ತಾನೆ?

ನಾನೇ ಅವನನ್ನು ಠಾಣೆಗೆ ಕರೆದೊಯ್ಯಲು ಹೊರಟ ಸುದ್ದಿ ತಿಳಿದು ಭಾವ ಓಡಿ ಬಂದರು. "ಬಾಡಿಗೆಯೋರ ಮಾತು ಕಟ್ಕೊಂಡು ನಮ್ಮ ಹುಡುಗುನ್ನ ಸ್ಟೇಷನ್ ಮೆಟ್ಲು ಹತ್ತುಸ್ತೀಯೇನಮ್ಮ? ಸಂಜೆ ಒಳಗೆ ಅವರನ್ನ ಖಾಲಿ ಮಾಡ್ಸು. ಇವನ್ನ ಸೋದರಮಾವನ ಮನೆಗೆ ಕಳ್ಸು. ನಾಲ್ಕು ದಿನಕ್ಕೆ ಎಲ್ಲಾ ತಣ್ಣಗಾಯ್ತದೆ."

ಮಾವನ ಮನೆ ಎಂದರೆ ಆನೇಕಲ್‌ನಲ್ಲಿರುವ ನನ್ನ ಅಣ್ಣನ ಮನೆ. ನನಗೆ ಪಿತ್ತ ನೆತ್ತಿಗೇರಿತು. "ಅಲ್ಲೂ ಎರಡು ಪುಟ್ಟ ಹೆಣ್ಣುಮಕ್ಕಳಿದಾವೆ ಭಾವ. ಉರೀತಿರೋ ಕೊಳ್ಳೀನ ತಗೊಂಡೋಗಿ ಪಕ್ಕದೋರ ಬಣವೆಗೆ ಇಡು ಅಂತೀರಲ್ಲ!" ಅಂದೆ. ಅವರ ಮುಂದೆ ತಲೆಯೆತ್ತಿ ಮಾತಾಡಿದವಳೇ ಅಲ್ಲ ನಾನು. ರಾತ್ರಿ ಪಾಳಿ ಮುಗಿಸಿ ಬಂದು ಮೂಲೆಯಲ್ಲಿ ಕುಳಿತಿದ್ದ ನನ್ನ ಗಂಡ ಎದ್ದು, "ಅವಳು ಹೇಳ್ತಿರೋದು ಸರಿ ಅಣ್ಣ" ಅಂದರು. ಆ ಗಳಿಗೆಯಲ್ಲಿ ಆ ಮನುಷ್ಯನ ಮೇಲೆ ಬಂದಷ್ಟು ಅಕ್ಕರೆ ಮದುವೆಯ ದಿನವೂ ಬಂದಿರಲಿಲ್ಲ. ಮಗನನ್ನು ಕರೆದುಕೊಂಡು ನಾವೂ ಠಾಣೆಗೆ ಹೋದೆವು.

ಅವನನ್ನು ಮಕ್ಕಳ ಪ್ರಕರಣ ನೋಡುವ ಮಂಡಳಿಯ ಮುಂದೆ ನಿಲ್ಲಿಸಿದರು. ಕೆಲವು ವಾರ ಸರ್ಕಾರದ ಬಾಲಕರ ನಿಲಯದಲ್ಲಿ ಇಟ್ಟರು. ಆಮೇಲೆ ಚಿಕಿತ್ಸೆ ತಪ್ಪಿಸಕೂಡದು, ಅಧಿಕಾರಿಯ ನಿಗಾ ಇರಬೇಕು ಎಂದು ಹೇಳಿ ನಮ್ಮ ಜೊತೆ ಕಳಿಸಿದರು. ಆದರೆ ಕರೆದುಕೊಂಡು ಹೋಗುವುದೆಲ್ಲಿಗೆ? ಆ ಹುಡುಗಿ ಆಡುವ ಅಂಗಳಕ್ಕೇ? ಹೆಬ್ಬಗೋಡಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದೆವು. ನಮ್ಮ ವಂಶದಲ್ಲಿ ಮೊದಲ ಸಲ ಖಾಲಿ ಮಾಡಿದ್ದು ಮನೆಯ ಮಾಲೀಕರು. ಭಾವ ವರ್ಷಗಟ್ಟಲೆ ಮಾತು ಬಿಟ್ಟರು. ಸದ್ಯ, ಕಿವಿಗೆ ವಿಶ್ರಾಂತಿ ಸಿಕ್ಕಿತು.

ಚಿಕಿತ್ಸೆ ಕೊಟ್ಟ ಮನಶ್ಶಾಸ್ತ್ರಜ್ಞೆ ನನಗಿಂತ ಚಿಕ್ಕವರು. ಅವರನ್ನು ನೆನೆಯದೆ ಇವತ್ತಿಗೂ ದೇವರಿಗೆ ದೀಪ ಹಚ್ಚುವುದಿಲ್ಲ ನಾನು. ಮೊದಲ ದಿನವೇ ಕೇಳಿಬಿಟ್ಟೆ: "ಮೇಡಂ, ನನ್ನ ಮಗ ರಾಕ್ಷಸನಾ?"

"ಅಲ್ಲಮ್ಮ. ಆದ್ರೆ ಅವನು ಮಾಡಿದ್ದು ಸಣ್ಣ ತಪ್ಪೂ ಅಲ್ಲ. ಎರಡನ್ನೂ ಮರೀಬಾರ್ದು."

ತಿಂಗಳುಗಳು ಕಳೆದಂತೆ ಒಂದೊಂದೇ ಹೊರಬಂತು. ದೊಡ್ಡ ಹುಡುಗರು ಅವನ ಫೋನಿಗೆ ತುಂಬುತ್ತಿದ್ದ ಹೊಲಸು ವಿಡಿಯೋಗಳು. ಒಂಬತ್ತನೇ ತರಗತಿಯಲ್ಲಿ ನಪಾಸಾದ ಮೇಲೆ ಗೆಳೆಯರಿಲ್ಲದೆ ಕದ ಹಾಕಿಕೊಂಡು ಕುಳಿತ ದಿನಗಳು. ಅದಕ್ಕೂ ಮೊದಲು, ಅವನಿನ್ನೂ ಚಿಕ್ಕವನಿದ್ದಾಗ, ನೆಂಟನೊಬ್ಬ ಅವನೊಡನೆ ಕೆಟ್ಟದಾಗಿ ನಡೆದುಕೊಂಡಿದ್ದು. ಇದನ್ನು ಕೇಳಿ ನಾನು ಬಿಕ್ಕಿ ಬಿಕ್ಕಿ ಅತ್ತೆ. "ಹಾಗಾದ್ರೆ ಇವನ ತಪ್ಪಲ್ಲ ಅಲ್ವಾ ಮೇಡಂ?"

ಅವರು ನನಗೆ ನೀರು ಕೊಟ್ಟರು, ರಿಯಾಯಿತಿ ಕೊಡಲಿಲ್ಲ. "ಅಂಥದ್ದು ಅನುಭವಿಸಿದ ಎಷ್ಟೋ ಮಕ್ಕಳು ಯಾರಿಗೂ ನೋವು ಮಾಡಲ್ಲ. ಕಾರಣ ಬೇರೆ, ನೆಪ ಬೇರೆ. ಅವನ ನೋವಿಗೂ ಔಷಧ ಕೊಡೋಣ, ಅವನು ಮಾಡಿದ್ದಕ್ಕೆ ಅವನೇ ಉತ್ತರ ಹೇಳಲಿ."

ವಾರಕ್ಕೊಮ್ಮೆ ಹೋಗುತ್ತಿದ್ದೆವು, ಎರಡು ವರ್ಷದ ಹತ್ತಿರ. ಮೇಡಂ ಹಾಕಿದ ಕಟ್ಟಳೆಗಳಿದ್ದವು: ಫೋನ್ ನಡುಮನೆಯಲ್ಲೇ ಇರಬೇಕು, ಚಿಕ್ಕ ಮಕ್ಕಳ ಜೊತೆ ಅವನು ಒಬ್ಬನೇ ಇರಬಾರದು, ಶಾಲೆ ಬಿಡಬಾರದು, ಸಂಜೆ ತನ್ನ ವಯಸ್ಸಿನವರ ಜೊತೆ ಆಡಬೇಕು. ದೇಹದ ವಿಚಾರವಾಗಿ ಜನ್ಮದಲ್ಲಿ ಮಾತಾಡದ ನನ್ನ ಗಂಡ ಕಿವಿ ಕೆಂಪಗೆ ಮಾಡಿಕೊಂಡು ಮಗನ ಪಕ್ಕ ಕುಳಿತು ಎಲ್ಲ ಕಲಿತರು. ಮಗ ಬಾಗಿಲು ಬಡಿಯುತ್ತಿದ್ದ, ಊಟ ಬಿಡುತ್ತಿದ್ದ. "ಏನೋ ಆಗೋಯ್ತು, ಎಷ್ಟ್ ಸಲ ಹೇಳ್ಬೇಕು?" ಎಂದು ಕಿರುಚುತ್ತಿದ್ದ. ಕೊನೆಗೆ ಒಂದು ದಿನ ಮೇಡಂ ಮುಂದೆ ತಲೆ ತಗ್ಗಿಸಿ, "ಅವಳು ಹೆದರಿದ್ಲು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡ್ದೆ" ಅಂದ. ಹೊರಗೆ ಬಂದು ಇದನ್ನು ನಮಗೆ ಹೇಳುವಾಗ ಮೇಡಂ ಕಣ್ಣಲ್ಲಿ ನೀರಿತ್ತು. "ಇವತ್ತು ಶುರುವಾಯ್ತು ನೋಡಿ. ಈ ವಯಸ್ಸಲ್ಲಿ ಸರಿಯಾದ ಸಹಾಯ ಸಿಕ್ಕಿದ ಮಕ್ಕಳಲ್ಲಿ ಹೆಚ್ಚಿನವರು ಮತ್ತೆ ಹೀಗೆ ಮಾಡಲ್ಲ" ಅಂದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಅದುವರೆಗೆ ಬೈಯುವುದಕ್ಕಷ್ಟೇ ಬಳಸಿದ್ದೆ. ನನ್ನ ಗಿಡ ಇನ್ನೂ ಗಿಡವಾಗಿಯೇ ಇತ್ತಲ್ಲ ಎಂದು ಅವತ್ತು ಮೊದಲ ಸಲ ನೆಮ್ಮದಿಯಾಯಿತು.

ಈಗ ಅವನು ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಯಂತ್ರ ನಡೆಸುತ್ತಾನೆ. ಮಂಡಳಿಯ ನಿಗಾ ಮುಗಿದು ವರ್ಷಗಳಾದವು, ದೂರು ಮತ್ತೆ ಬಂದಿಲ್ಲ. ಕಳೆದ ತಿಂಗಳು ಹೊಸೂರು ರಸ್ತೆಯ ಬಸ್ ನಿಲ್ದಾಣದಲ್ಲಿ ಆ ತಾಯಿ ಸಿಕ್ಕಳು. ತಲೆ ತಪ್ಪಿಸಿಕೊಳ್ಳಲು ಮನಸ್ಸಾಗಲಿಲ್ಲ. ಹತ್ತಿರ ಹೋಗಿ ಕೈ ಮುಗಿದೆ.

"ನೀವು ಅವತ್ತು ಸುಮ್ನಿದ್ದಿದ್ರೆ ನನ್ನ ಮಗ ಮನುಷ್ಯ ಆಗ್ತಿರ್ಲಿಲ್ಲ."

"ನಿಮ್ಮ ಮಗನ ಸಲುವಾಗಿ ಮಾಡಿಲ್ರೀ ನಾ. ನನ್ನ ಮಗಳ ಸಲುವಾಗಿ ಮಾಡೀನಿ."

ಆ ಮಾತು ನ್ಯಾಯವಾಗಿತ್ತು. ಅವಳ ಬಸ್ ಬಂತು. ಹತ್ತುವಾಗ ತಿರುಗಿ, "ಆಕಿ ಚಲೋ ಅದಾಳ. ಸಾಲ್ಯಾಗ ಖೋ ಖೋ ಆಡ್ತಾಳ, ಮನಿ ತುಂಬ ನಗತಾಳ. ಅವಂಗ ಹೇಳ್ರಿ" ಅಂದಳು.

ಸಂಜೆ ಮಗ ಊಟಕ್ಕೆ ಕುಳಿತಾಗ ಹೇಳಿದೆ. ಕಲಸುತ್ತಿದ್ದ ಅನ್ನದಲ್ಲಿ ಅವನ ಕೈ ನಿಂತಿತು.

"ಅವಳ ಬಗ್ಗೆ ಕೇಳೋ ಹಕ್ಕು ನನಗಿಲ್ಲ ಅಂತ ಇಷ್ಟು ವರ್ಷ ಕೇಳಿರ್ಲಿಲ್ಲ ಅಮ್ಮ" ಅಂದ. ಆಮೇಲೆ, "ಇನ್ನೊಂದ್ಸಲ ಹೇಳು" ಅಂದ.

ಹೇಳಿದೆ.