ಹೊನ್ನೆಯ ಬೊಡ್ಡೆ ತೋರಿಸಿದವಳು

ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಮಗ ಚಿತ್ರದುರ್ಗದಿಂದ ಹೊನ್ನೆ ಮರದ ಲೋಟವೊಂದನ್ನು ತಂದುಕೊಟ್ಟ. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯಬೇಕಂತೆ. ಬೆಳಿಗ್ಗೆ ನೋಡಿದರೆ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮೂಗಿನ ಹತ್ತಿರ ತಂದೆ. ಒಗರು ವಾಸನೆ... ಒಂದು ಗುಟುಕು ಒಳಗೆ ಹೋಗುವ ಮೊದಲೇ ಅವಳ ನೆನಪಾಯಿತು. ನಾನು ಮುಖ ಕಿವುಚಿದ್ದನ್ನು ಕಂಡು ಮಗ, "ಕಹಿ ಐತೇನವ್ವ?" ಎಂದ. ಹ್ಞೂಂ ಎಂದೆ.

ಅವಳು ನಮ್ಮತ್ತೆಯ ಅಣ್ಣನ ಮಗಳು. ವರಸೆ ಹಿಡಿದು ನೋಡಿದರೆ ನಮ್ಮ ಯಜಮಾನರನ್ನು ಅವಳೇ ಮದುವೆಯಾಗಬೇಕಿತ್ತು. ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತಂತೆ. ಆಮೇಲೆ ಕುರಿ ಮೇಯಿಸುವ ಜಾಗದ ವಿಷಯಕ್ಕೆ ಎರಡೂ ಮನೆಯ ಹಿರಿಯರಿಗೆ ಜಗಳವಾಗಿ ಅವಳನ್ನು ಸಿರಿಗೆರೆ ಕಡೆಗೆ ಕೊಟ್ಟರು, ತುರುವನೂರಿನಿಂದ ನನ್ನನ್ನು ತಂದುಕೊಂಡರು. ಜಗಳ ಆರಿ ಹೋಗಿಬರುವುದು ಮತ್ತೆ ಶುರುವಾದಾಗ ಅವಳು ನಮ್ಮ ಮನೆಗೆ ಬಂದರೆ ಅತ್ತೆಯ ಮುಖ ಊರಗಲ ಆಗುತ್ತಿತ್ತು. ನೇರ ಅಡುಗೆಮನೆಗೆ ನುಗ್ಗಿ, ಬೆಲ್ಲದ ಗಡಿಗೆ ಎಲ್ಲಿದೆಯೆಂದು ಯಾರನ್ನೂ ಕೇಳದೆ ಒಂದು ಉಂಡೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಎತ್ತರದ ಹೆಂಗಸು. ನಕ್ಕರೆ ಬೀದಿಯ ಆ ತುದಿಗೂ ಕೇಳಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎಪ್ಪತ್ತರ ದಶಕದ ಮಾತು. ಇದೇ ಮಗ ಆಗ ಕೈಗೂಸು, ಜವಳ ತೆಗೆಸಬೇಕಿತ್ತು. ಅತ್ತೆ ನಮ್ಮ ಯಜಮಾನರನ್ನು ಹೆತ್ತದ್ದು ಕುರಿ ಹೊಡೆದುಕೊಂಡು ಹೋಗಿದ್ದಾಗ, ಮಾರಿಕಣಿವೆ ಆಚೆಯ ಕಾಡಿನಲ್ಲಿ, ಒಂದು ಹೊನ್ನೆ ಮರದ ಕೆಳಗೆ. ಮೊಮ್ಮಗನ ಮೊದಲ ಕೂದಲು ಆ ಮರದ ಬುಡದಲ್ಲೇ ಇಳಿಯಬೇಕೆಂದು ಅವರ ಹರಕೆ. ಅಷ್ಟರಲ್ಲಿ ಯಾರೋ ಕಂಟ್ರಾಕ್ಟರು ಆ ಕಡೆಯ ಮರಗಳನ್ನೆಲ್ಲ ಕಡಿಸಿಬಿಟ್ಟಿದ್ದ. ಬೊಡ್ಡೆಯಾದರೂ ಇರುತ್ತದಲ್ಲ, ಅದೇ ಸಾಕು ಎಂದರು ಅತ್ತೆ. ಅವರಿಗೋ ಕಣ್ಣು ಮಂಜು.

ಹೊರಟವರು ನಾವು ಗಂಡ ಹೆಂಡತಿ, ಅತ್ತೆ, ಮಗುವನ್ನು ಎತ್ತಿಕೊಂಡ ನನ್ನಣ್ಣ, ನಮ್ಮವರ ದೊಡ್ಡಪ್ಪನ ಮಗಳು. ಜೊತೆಗೆ, ಹಿಂದಿನ ದಿನವೇ ಬಸ್ಸಿಳಿದು ಬಂದಿದ್ದ ಅವಳು. ಕಾಡಿನಲ್ಲಿ ಎತ್ತ ನೋಡಿದರೂ ಬೊಡ್ಡೆ, ಬೊಡ್ಡೆಯ ಸುತ್ತ ಚಿಗುರಿದ ಪೊದೆ. "ಮರ ಇದ್ರೆ ಗೊತ್ತಾಗದು. ಬರೀ ಬೊಡ್ಡೆ ನೋಡಿ ಹೆಂಗೆ ಹೇಳಾದು?" ಎಂದು ನಮ್ಮವರು ಕೈಚೆಲ್ಲಿದರು. ನಾನು ಬಿಡಲಿಲ್ಲ. ಈ ಮನೆಯ ಸೊಸೆ ನಾನು, ಮಗ ನನ್ನವನು, ನಾನೇ ಹುಡುಕಿ ಕೊಡಬೇಕು ಎಂಬ ಛಲ. ಹೊನ್ನೆಗೆ ಗಾಯ ಮಾಡಿದರೆ ರಕ್ತದಂಥ ರಸ ಬರುತ್ತದೆ. ಕುಡುಗೋಲಿನಿಂದ ಒಂದೊಂದೇ ಬೊಡ್ಡೆಯ ಚಿಗುರನ್ನು ಕೆತ್ತುತ್ತಾ ಹೋದೆ. ಒಂದರಲ್ಲಿ ಕೆಂಪು ಒಸರಿತು. "ಇದೇ ಅತ್ತೆ, ಬರ್ರಿ!" ಎಂದು ಕೂಗಿದೆ. ಆಗ ನನಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಅವಳು ಬಂದು ನೋಡಿ ತಲೆಯಾಡಿಸಿದಳು. "ಇದೂ ಹೊನ್ನೇನೆ ತಂಗಿ. ಈ ಕಾಡಾಗೆ ಹೊನ್ನೆಗೇನು ಬರ? ನಮ್ಮದು ಹಾಸುಬಂಡೆ ಮಗ್ಗುಲಾಗೆ ಇತ್ತು."

ನಮ್ಮದು! ಆ ಒಂದು ಮಾತಿಗೆ ಕುಡುಗೋಲನ್ನು ಅದೇ ಬೊಡ್ಡೆಗೆ ಕಚ್ಚಿ ನಿಲ್ಲುವಂತೆ ಹೊಡೆದೆ.

ಅವಳು ಮುಂದೆ, ನಾವು ಹಿಂದೆ. ಇಳಿಜಾರಿನಲ್ಲಿ ಒಂದು ಚಪ್ಪಟೆ ಬಂಡೆ, ಅದರ ಪಕ್ಕದಲ್ಲಿ ದಪ್ಪನೆಯ ಬೊಡ್ಡೆ. ಸೊಪ್ಪಿನ ಕಡ್ಡಿಯಿಂದ ಬಂಡೆಯ ಮೇಲಿನ ತರಗೆಲೆ ಗುಡಿಸಿದಳು. ಕೆಳಗೆ ಹುಲಿಕುರಿ ಆಟದ ಮನೆ, ಕಲ್ಲಿನಲ್ಲಿ ಕೊರೆದ ಗೆರೆಗಳು. ಸಣ್ಣವರಿದ್ದಾಗ ಅತ್ತೆ ಅವಳಿಗೂ ನಮ್ಮವರಿಗೂ ಆ ಮರ ತೋರಿಸಿದ್ದರಂತೆ. ಕುರಿ ಕಾಯಲು ಹೋದಾಗಲೆಲ್ಲ ಅದರ ನೆರಳಲ್ಲಿ ಕೂತು ಆಡುತ್ತಿದ್ದರಂತೆ. ನಮ್ಮವರು ಕುಕ್ಕರಗಾಲಲ್ಲಿ ಕೂತು ಗೆರೆಯ ಮೇಲೆ ಬೆರಳಾಡಿಸಿದರು.

"ಲೇ, ಇನ್ನೂ ಐತಲ್ಲೇ!"

"ಹುಲಿ ನಂದು, ಕುರಿ ನಿಂದು. ಒಂದಿನಾನೂ ಗೆಲ್ಲಲಿಲ್ಲ ಬಾವ ನೀನು" ಎಂದು ಅವಳು ನಕ್ಕಳು. ಅವರೂ ನಕ್ಕರು. ಆ ನಗು ನಮ್ಮ ಮನೆಯಲ್ಲಿ ನಾನು ಕೇಳಿದ್ದೇ ಇಲ್ಲ. ಅತ್ತೆ ಬೊಡ್ಡೆಯನ್ನು ತಬ್ಬಿಕೊಂಡು ಕೂತಿದ್ದರು. ನಾನು ಮಗುವಿನ ಮೂಗು ಒರೆಸಿದೆ. ಒರೆಸುವಂಥದ್ದೇನೂ ಇರಲಿಲ್ಲ.

ಜವಳಕ್ಕೆ ಸೋದರಮಾವನ ತೊಡೆಯ ಮೇಲೆ ಮಗುವನ್ನು ಕೂರಿಸಬೇಕು. ನನ್ನಣ್ಣ ಕೂತ. ಇಳಿಯುವ ಕೂದಲನ್ನು ಸೋದರತ್ತೆ, ಅಂದರೆ ಮಗುವಿನ ತಂದೆಯ ಒಡಹುಟ್ಟಿದವಳು, ಸೆರಗೊಡ್ಡಿ ಹಿಡಿಯಬೇಕು. ನಮ್ಮವರಿಗೆ ಒಡಹುಟ್ಟಿದ ಹೆಣ್ಣುಮಕ್ಕಳಿರಲಿಲ್ಲ. ಅದಕ್ಕೇ ದೊಡ್ಡಪ್ಪನ ಮಗಳು ಬಂದಿದ್ದು. ಆದರೆ ಅತ್ತೆ ತಮ್ಮ ಅಣ್ಣನ ಮಗಳ ಕಡೆ ತಿರುಗಿ, "ಹುಡುಕಿ ಕೊಟ್ಟಾಕಿ ನೀನು. ನೀನೇ ಸೆರಗೊಡ್ಡೇ" ಎಂದುಬಿಟ್ಟರು. ಸಂತೋಷದಲ್ಲಿ ವರಸೆ ಮರೆತರೋ, ಬೇಕೆಂದೇ ಹೇಳಿದರೋ...

ನನಗೋ ಒಳಗೊಳಗೇ ಹಿಗ್ಗು. ಒಂದು ಸಲ ಸೆರಗೊಡ್ಡಿದರೆ ಸಾಕು, ಎಲ್ಲರೆದುರು ಅವರಿಗೆ ತಂಗಿಯಾಗಿಬಿಡುತ್ತಾಳೆ. ಅಲ್ಲಿಗೆ ನನ್ನ ಕಾಟ ತೀರಿತು. "ಒಡ್ರಿ ಅಕ್ಕ, ನೀವೇ ಒಡ್ರಿ" ಎಂದು ನಾನೂ ಬೆಲ್ಲದಂಥ ಮಾತಾಡಿದೆ.

ಅವಳು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

"ನಂಗೆ ಆ ವರಸೆ ಬರಾದಿಲ್ಲ ಅತ್ತೆ."

ಅಷ್ಟೇ. ನಗಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ನಮ್ಮವರು ಬೊಡ್ಡೆಗೆ ನೀರು ಹೊಯ್ಯುತ್ತಾ ಬೆನ್ನು ತಿರುಗಿಸಿಕೊಂಡೇ ನಿಂತಿದ್ದರು. ಕೊನೆಗೆ ದೊಡ್ಡಪ್ಪನ ಮಗಳು ಸೆರಗೊಡ್ಡಿದಳು, ಕೂದಲು ಇಳಿಯಿತು, ಪಾಯಸ ಹಂಚಿ ಊಟ ಮಾಡಿದೆವು.

ಆಮೇಲೆ ಅವಳು ಮಕ್ಕಳ ತಾಯಿಯಾದಳು, ಮೊಮ್ಮಕ್ಕಳನ್ನು ಕಂಡಳು. ಹಬ್ಬಕ್ಕೆ ಬಂದಳು, ಹೋದಳು. ತಪ್ಪು ನಡತೆ ಎಂದು ಬೆರಳು ತೋರಿಸುವ ಒಂದೇ ಒಂದು ಸಂಗತಿ ನನಗೆ ಸಿಗಲಿಲ್ಲ, ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಮ್ಮವರು ತೀರಿಕೊಂಡಾಗ ಬಂದು, ಬಾಗಿಲ ಪಕ್ಕ ಗೋಡೆಗೊರಗಿ, ಹೊತ್ತು ಮುಳುಗುವ ತನಕ ತುಟಿ ಬಿಚ್ಚದೆ ಕೂತಿದ್ದಳು. ನಾನು ಎದೆ ಬಡಿದುಕೊಂಡು ಅಳುತ್ತಿದ್ದೆ. ನನ್ನ ಅಳುವಿಗಿಂತ ಅವಳ ಮೌನವೇ ದೊಡ್ಡದಾಗಿ ಕಾಣುತ್ತದೇನೋ ಎಂದು ಆಗಲೂ ಹೊಟ್ಟೆಕಿಚ್ಚು.

ಹೋದ ತಿಂಗಳು ಸಿರಿಗೆರೆ ಕಡೆಯಿಂದ ಸುದ್ದಿ ಬಂತು. ಹೋಗಿ ಮುಖ ನೋಡಿ ಬಂದೆ. ಯಜಮಾನರು ಹುಡುಗರಾಗಿದ್ದಾಗ ಹೇಗಿದ್ದರು, ಏನು ಆಡುತ್ತಿದ್ದರು ಎಂದು ಹೇಳಬಲ್ಲವರು ಇನ್ನು ಯಾರೂ ಉಳಿದಿಲ್ಲ. ನಾನೂ ಬಾಯಿಬಿಟ್ಟು ಕೇಳಿರಲಿಲ್ಲ... ಮನೆಗೆ ಬಂದ ಮೇಲೆ ಬಹಳ ಅಳು ಬಂತು. "ಎಷ್ಟು ಹಚ್ಕಂಡಿದ್ರಿ ಅವರ್ನ" ಎಂದು ಸೊಸೆ ಬೆನ್ನು ಸವರಿದಳು. ಸವರಲಿ ಎಂದು ಸುಮ್ಮನಿದ್ದೆ. ಮಂಡಿ ಹಿಡಿದುಕೊಂಡು ನಾನಿನ್ನೂ ಇಲ್ಲೇ ಇದ್ದೇನೆ. ಅವರಿರುವ ಕಡೆಗೆ ಅವಳು ಹೊರಟು ಹೋದಳಲ್ಲ, ನನಗಿಂತ ಮೊದಲು.